ಕೆಂಪು ಅರಗಿನ ಬೆಣೆ

ಮೂರನೇ ಲೇತು ಏಳುವ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಮೊದಲು ಗಂಟಲು ಕಟ್ಟಿದವರ ಹಾಗೆ ಒಂದು ಗೊರಗೊರ. ಬೆಲ್ಟು ಪುಲ್ಲಿಯನ್ನು ಬಿಗಿಯಾಗಿ ಹಿಡಿದುಕೊಂಡ ಮೇಲೆ ಉಯ್ಯೆಂದು ಮೇಲಕ್ಕೇರುವ ಒಂದೇ ಸ್ವರ. ಅದು ಕೇಳಿದ್ದೇ ತಡ, ಹೊರಗೆ ಹೊಂಗೆ ಮರದ ಕೆಳಗೆ ಕೂತ ಹೆಂಗಸರೆಲ್ಲ ಸೆರಗು ಕೊಡವಿಕೊಂಡು ಏಳುತ್ತಿದ್ದರು. "ಕರೆಂಟ್ ಬಂತು ಕಣ್ರೇ, ಏಳ್ರಿ ಏಳ್ರಿ!"

ಚನ್ನಪಟ್ಟಣದ ಹಳ್ಳಿಗಳಲ್ಲಿ ಕರೆಂಟು ಹೋದದ್ದು ಎಲ್ಲರಿಗೂ ಗೊತ್ತಾಗುತ್ತದೆ. ಬಂದದ್ದು ಗೊತ್ತಾಗಬೇಕಲ್ಲ? ಅದಕ್ಕೆ ಒಂದು ಲೇತಿನ ಸ್ವಿಚ್ಚನ್ನು ಆನ್ ಮಾಡಿಯೇ ಬಿಟ್ಟು ಎಲ್ಲರೂ ಹೊರಗೆ ಹೋಗಿ ಕೂರುವುದು ಅಲ್ಲಿನ ಪದ್ಧತಿ. ಮೂರನೆಯದನ್ನೇ ಬಿಡುತ್ತಿದ್ದುದು ಅದರ ಬೇರಿಂಗ್ ಹಳತಾಗಿ ಗಂಟಲು ದೊಡ್ಡದಾಗಿತ್ತು ಅಂತ. ನಮ್ಮ ಕಾನ್ವೆಂಟಿನಲ್ಲಿ ಪೀರಿಯಡ್ ಮುಗಿದರೆ ಸಿಸ್ಟರ್ ಹಿತ್ತಾಳೆ ಗಂಟೆ ಅಲ್ಲಾಡಿಸುತ್ತಿದ್ದರು. ಇಲ್ಲಿ ಆ ಗಂಟೆಯ ಕೆಲಸವನ್ನು ಒಂದು ಅರ್ಧ ಹೆಚ್‌ಪಿ ಮೋಟಾರು ಮಾಡುತ್ತಿತ್ತು. ಹೌ ಕ್ಲೆವರ್, ಅಂತ ಮೊದಮೊದಲು ನಾನೂ ಮೆಚ್ಚಿಕೊಂಡಿದ್ದೆ.

ಹೆಂಗಸರ ಸಂಘವೊಂದು ನಡೆಸುತ್ತಿದ್ದ ಮರ ಕಡೆಯುವ ಶೆಡ್ಡು ಅದು. ತಗಡಿನ ಸೂರು, ಹನ್ನೊಂದು ಲೇತು, ಹನ್ನೊಂದು ಜನ. ಇಂಗ್ಲಿಷಿನಲ್ಲಿ ಲೆಟರ್ ಬರೆಯಲು, ರಿಜಿಸ್ಟರ್ ಇಡಲು, ಶಿಸ್ತು ನೋಡಿಕೊಳ್ಳಲು ಒಬ್ಬರು ಬೇಕಾಗಿತ್ತು ಅಂತ ನನ್ನನ್ನು ಇನ್‌ಚಾರ್ಜ್ ಮಾಡಿದ್ದರು. ಆಗಲೇ ನನಗೆ ಅರವತ್ತು ದಾಟಿತ್ತು. ಲೇತ್ ಮುಂದೆ ಕೂತು ಒಂದು ಬುಗುರಿಯನ್ನೂ ಕಡೆದವಳಲ್ಲ. ಆದರೆ ನೋಡಿ ನೋಡಿ ಕೆಲಸ ತಿಳಿದಿತ್ತು. ಹಾಲೆ ಮರದ ತುಂಡನ್ನು ಲೇತಿನ ತಲೆಗೆ ಬಡಿದು ಕೂರಿಸುವುದು, ಉಳಿ ಹಿಡಿದು ಕಡೆಯುವುದು, ಆಮೇಲೆ ತಿರುಗುತ್ತಿರುವ ಮರಕ್ಕೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುವುದು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಕ್ಷಣ ತಾಳೆಗರಿಯ ತುಂಡಿನಿಂದ ಅದನ್ನು ಹರಡಿ ಹೊಳಪು ಬರಿಸಬೇಕು. ಎಲ್ಲ ಒಂದೇ ಉಸಿರಿನಲ್ಲಿ ಆಗಬೇಕು. ನಡುವೆ ಲೇತು ನಿಂತಿತೋ, ಅರಗು ಅಲ್ಲೇ ಗಟ್ಟಿಯಾಗಿ ಪಟ್ಟೆ ಬೀಳುತ್ತದೆ. ಪಟ್ಟೆ ಬಿದ್ದದ್ದು ರಿಜೆಕ್ಟ್.

ಆ ಬೇಸಿಗೆಯಲ್ಲಿ ಮಕ್ಕಳಿಗೆ ಎಣಿಕೆ ಕಲಿಸುವ ಅಬ್ಯಾಕಸ್ ಮಣಿಗಳ ದೊಡ್ಡ ಆರ್ಡರ್ ಬಂದಿತ್ತು. ಅದು ಬಂದ ವಾರವೇ ಒಂದು ಸಂಗತಿ ನಡೆಯಿತು. ಕರೆಂಟು ಹೋದಾಗ ಮೂರನೇ ಲೇತಿನಲ್ಲಿ ಅರೆಬರೆ ಕಡೆದ ಗಿಲಕಿಯೊಂದು ಹಾಗೇ ಉಳಿದಿತ್ತು. ಕರೆಂಟು ಬಂದು ಲೇತು ತಾನಾಗಿ ತಿರುಗಿದಾಗ ಅದು ಕಳಚಿ ಹಾರಿ ನನ್ನ ಮೇಜಿನ ಹಿಂದಿನ ತಗಡಿಗೆ ಬಡಿಯಿತು. ತಗಡಿನಲ್ಲಿ ನಿಂಬೆಹಣ್ಣಿನಷ್ಟು ತಗ್ಗು. ಒಳಗೆ ಯಾರೂ ಇರಲಿಲ್ಲ.

"ಮಿಸಿನ್ನಿಗೇ ಕ್ವಾಪ ಬಂದ್ಬುಟ್ಟೈತೆ, ಒಬ್ಳೇ ಬುಟ್ಟೋದ್ರಿ ಅಂತ," ಅಂದಳು ಒಬ್ಬಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನನ್ನ ಕುರ್ಚಿಗೂ ಆ ತಗ್ಗಿಗೂ ಇದ್ದ ದೂರವನ್ನು ಕಣ್ಣಲ್ಲೇ ಅಳೆಯುತ್ತಿದ್ದೆ.

ಆ ದಿನವೇ ನಾನು ಎರಡು ರೂಲ್ ತಂದೆ. ಎರಡೂ ಒಳ್ಳೆಯವೇ. ಅವೆರಡೂ ಒಟ್ಟಿಗೆ ಸೇರಿ ಏನಾಗಬಹುದು ಅಂತ ಮಾತ್ರ ನಾನು ಯೋಚಿಸಲಿಲ್ಲ.

ಮೊದಲನೆಯದು ಸ್ಟಾರ್ಟರ್. ಆ ಸುತ್ತಿನ ಹೊಲಗಳಿಗೆಲ್ಲ ಪಂಪ್‌ಸೆಟ್ ಕೂರಿಸುವ ವೈರ್‌ಮ್ಯಾನನ್ನು ಕರೆಸಿ, ಬಾಗಿಲ ಪಕ್ಕದ ಬೋರ್ಡಿಗೆ, ನನ್ನ ಮೇಜಿನ ಹತ್ತಿರವೇ, ಹನ್ನೊಂದು ಲೇತಿಗೂ ಸೇರಿ ಒಂದೇ ಸ್ಟಾರ್ಟರ್ ಹಾಕಿಸಿದೆ. ಕರೆಂಟು ಹೋದರೆ ಅದು ಬಿಟ್ಟುಕೊಳ್ಳುತ್ತದೆ. ಮತ್ತೆ ಕರೆಂಟು ಬಂದರೂ ಯಾರಾದರೂ ಹಸಿರು ಗುಂಡಿ ಒತ್ತುವವರೆಗೆ ಒಂದು ಲೇತೂ ಅಲ್ಲಾಡುವುದಿಲ್ಲ. ಒತ್ತುವ ಮುಂಚೆ ನಾನು "ಕೈ!" ಅಂತ ಕೂಗಬೇಕು, ಎಲ್ಲರೂ ಎರಡು ಕೈಯನ್ನೂ ಎತ್ತಿ ತೋರಿಸಬೇಕು, ಆಮೇಲೆ ಗುಂಡಿ.

"ಪೊಲೀಸ್ನೋರು ಹಿಡ್ದಂಗೆ ಆಯ್ತಲ್ಲ ಮೇಡಮ್ಮ," ಅಂತ ಹಿರಿಯಾಕೆ ಕೈ ಎತ್ತಿಕೊಂಡೇ ನಗುತ್ತಿದ್ದಳು. ಅವಳು ನಮ್ಮಲ್ಲಿ ಎಲ್ಲರಿಗಿಂತ ನುರಿತವಳು. ಎಲ್ಲರೂ ಅವಳನ್ನು ದೊಡ್ಡಕ್ಕ ಅನ್ನುತ್ತಿದ್ದರು. ಅವಳ ಮಣಿಗಳನ್ನು ಅಳತೆಪಟ್ಟಿಯಲ್ಲಿಟ್ಟು ನೋಡುವುದನ್ನು ನಾನು ಎಂದೋ ಬಿಟ್ಟಿದ್ದೆ.

ಎರಡನೆಯದು ಕ್ಲೀನಿಂಗ್. ಲೇತಿನ ಬೆಲ್ಟಿನ ಮೇಲೆ ತಗಡಿನ ಕವರ್ ಇರುತ್ತದೆ. ಅದರೊಳಗೆ ಮರದ ಹೊಟ್ಟು, ಅರಗಿನ ಪುಡಿ, ಎಣ್ಣೆ ಎಲ್ಲ ಸೇರಿ ಜಡೆಗಟ್ಟುತ್ತದೆ. ಬೆಲ್ಟು ಜಾರುತ್ತದೆ, ಮೋಟಾರು ಬಿಸಿಯಾಗುತ್ತದೆ. ಕ್ಲೀನ್ಲಿನೆಸ್ ಈಸ್ ನೆಕ್ಸ್ಟ್ ಟು ಗಾಡ್ಲಿನೆಸ್ ಅಂತ ಏಳು ವರ್ಷ ಕಾಪಿ ಬರೆದ ಕೈ ನನ್ನದು. ಕರೆಂಟು ಹೋದಾಗ ಹೊಂಗೆ ಮರದ ಕೆಳಗೆ ಹರಟುವ ಬದಲು, ಮೊದಲ ಹತ್ತು ನಿಮಿಷ ಅವರವರ ಲೇತಿನ ಕವರ್ ಬಿಚ್ಚಿ ಬಟ್ಟೆಯಿಂದ ಒರೆಸಬೇಕು ಅಂದೆ. ಹೇಗೂ ಮಿಷನ್ ನಿಂತಿರುತ್ತದಲ್ಲ.

ಅದಕ್ಕೆ ಮುಂಚೆ ಕರೆಂಟಿಲ್ಲದ ಹೊತ್ತಿನಲ್ಲಿ ಲೇತಿನ ಹತ್ತಿರ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಅವರನ್ನು ಅಲ್ಲಿಗೆ ಕರೆದು ತಂದವಳು ನಾನು.

ಸ್ಟಾರ್ಟರ್ ಎಂಟು ದಿನ ಚೆನ್ನಾಗಿ ನಡೆಯಿತು. ಆಮೇಲೆ ಬಿಸಿಲು ಏರಿತು. ತೆಂಗಿಗೆ, ಹಿಪ್ಪುನೇರಳೆಗೆ ನೀರು ಬಿಡಲು ಸುತ್ತಲಿನ ಬೋರ್‌ವೆಲ್‌ಗಳೆಲ್ಲ ಒಂದೇ ಹೊತ್ತಿಗೆ ಓಡತೊಡಗಿದವು. ವೋಲ್ಟೇಜು ಕುಸಿದರೆ ಸ್ಟಾರ್ಟರಿನೊಳಗಿನ ತಂತಿಸುರುಳಿಗೆ ಹಿಡಿದುಕೊಳ್ಳುವ ಶಕ್ತಿ ಸಾಲದು. ಕಟಕಟಕಟ ಅಂತ ಹಲ್ಲು ಕಡಿದು ಬಿಟ್ಟುಬಿಡುತ್ತದೆ. ಹನ್ನೊಂದು ಲೇತೂ ನಿಂತವು. "ಕೈ!" ಒತ್ತಿದೆ. ನಾಲ್ಕು ನಿಮಿಷಕ್ಕೆ ಮತ್ತೆ ಕಟಕಟ. ಮಧ್ಯಾಹ್ನದ ಊಟದ ಹೊತ್ತಿಗೆ ನನ್ನ ಗಂಟಲು ಬಿದ್ದುಹೋಗಿತ್ತು, ಪಟ್ಟೆ ಬಿದ್ದ ಮಣಿ ಮಂಕರಿ ತುಂಬಿತ್ತು.

"ನಿಮ್ ಸ್ಟಾಟ್ರು ಒಳ್ಳೇದೇಯ ಮೇಡಮ್ಮ," ಅಂದಳು ಹಿರಿಯಾಕೆ, "ಒಸಿ ಹೆದರ್ಪುಕ್ಲು ಅಷ್ಟೇ."

ವೈರ್‌ಮ್ಯಾನನ್ನು ಮತ್ತೆ ಕರೆಸಿದೆ. ಸ್ಟೆಬಿಲೈಸರ್ ಹಾಕಿ, ಒಂದೊಂದು ಲೇತಿಗೂ ಬೇರೆ ಬೇರೆ ಸ್ಟಾರ್ಟರ್ ಇಡಿ ಅಂದ. ಅದಕ್ಕೆ ಮೇಲಿನವರ ಸ್ಯಾಂಕ್ಷನ್ ಬೇಕು. ನಾನು ಮುಂಚೆ ಬರೆದ ಲೆಟರುಗಳಿಗೇ ಇನ್ನೂ ಉತ್ತರ ಬಂದಿರಲಿಲ್ಲ. ಇಲ್ಲ ಅಂದರೆ, ಅಂತ ಅವನು ದನಿ ತಗ್ಗಿಸಿದ. "ನಮ್ ರೈತ್ರೆಲ್ಲ ಏನ್ ಮಾಡ್ತಾರೆ ಗೊತ್ತಾ ಮೇಡಮ್ಮ? ಗುಂಡಿ ಒತ್ತಿದ್ದಂಗೇ ಇರೋ ತರ ಒಂದು ಕಡ್ಡಿ ಸಿಗ್ಸ್ತಾರೆ. ಕರೆಂಟ್ ಬಂದ್ರೆ ಪಂಪು ತಾನೇ ಎತ್ಕತೈತೆ. ಯಾರು ನಡುರಾತ್ರೀಲಿ ಹೊಲಕ್ಕೋಗಿ ಒತ್ಕಂಡ್ ಕುಂತ್ಕತಾರೆ?"

"ಅದು ಪಂಪು ಕಣಪ್ಪ. ಪಂಪಿನ ಬಾಯಲ್ಲಿ ಯಾರೂ ಕೈ ಇಟ್ಟಿರಲ್ಲ," ಅಂದೆ. ಅವನು ಹೋದ.

ದನಿ ತಗ್ಗಿಸಿ ಆಡಿದರೂ ಅವನ ಮಾತು ಹನ್ನೊಂದು ಜನರ ಕಿವಿಗೂ ಬಿದ್ದಿತ್ತು. ಮಾರನೆಯ ದಿನ, ಮಂಗಳವಾರ, ಹಿರಿಯಾಕೆ ನನ್ನ ಮೇಜಿನ ಮುಂದೆ ಬಂದು ಅಂಗೈ ತೆರೆದಳು. ಒಳಗೆ ಹೆಬ್ಬೆರಳಿನ ಗಾತ್ರದ ಒಂದು ಬೆಣೆ. ಹಸಿರು ಗುಂಡಿಯ ಸುತ್ತ ಇರುವ ಬಳೆಯಂಥ ಅಂಚಿನೊಳಗೆ ಸರಿಯಾಗಿ ಕಚ್ಚಿ ಕೂರುವ ಹಾಗೆ, ತುದಿಗೆ ಸಣ್ಣಗಾಗುತ್ತ ಬಂದ ಹಾಲೆ ಮರದ ಬೆಣೆ. ತಲೆಗೆ ಪುಟ್ಟ ಗುಂಡು, ಮೈಗೆಲ್ಲ ಕೆಂಪು ಅರಗು. ಒಂದು ಗೀರಿಲ್ಲ, ಪಟ್ಟೆಯಿಲ್ಲ. ಬೇರೆಯವರು ಬೆಂಕಿಕಡ್ಡಿ ಸಿಗಿಸುವ ಕಡೆ ನಮ್ಮವರು ಷೋಕೇಸಿನಲ್ಲಿಡುವಂಥದ್ದನ್ನು ಕಡೆದಿದ್ದರು.

"ಫಿನಿಶ್ ಚೆನ್ನಾಗಿದೆ," ಅಂತ ನನ್ನ ಬಾಯಿಂದ ಬಂತು.

ಆ ಮಾತನ್ನು ನಾನು ಆಡಬಾರದಿತ್ತು. ಆಡಿದ ಮೇಲೆ ಬೇಡ ಅನ್ನುವುದು ಕಷ್ಟವಾಯಿತು. "ಈ ಆರ್ಡರ್ ಮುಗಿಯೋವರೆಗೆ ಮಾತ್ರ," ಅಂದೆ. ಅವಳು ಬೆಣೆಯನ್ನು ಗುಂಡಿಯೊಳಗೆ ಇಟ್ಟು ಮರದ ಕೊಡತಿಯಿಂದ ಒಂದೇ ಒಂದು ಸಲ ತಟ್ಟಿದಳು. ಆಮೇಲಿಂದ ವೋಲ್ಟೇಜು ಬಿದ್ದರೆ ಲೇತುಗಳು ಒಂದು ಕ್ಷಣ ಮಂಕಾಗಿ ತಾವಾಗಿಯೇ ಎದ್ದುಕೊಳ್ಳುತ್ತಿದ್ದವು. ಕರೆಂಟೇ ಹೋದರೆ ಅವರವರ ಲೇತಿನ ಗೋಡೆ ಸ್ವಿಚ್ಚನ್ನು ಅವರವರೇ ಆಫ್ ಮಾಡಬೇಕು ಅಂತ ಬಾಯಲ್ಲಿ ಹೇಳಿದೆ. ಹತ್ತು ಜನ ತಲೆಯಾಡಿಸಿದರು. "ಕೈ!" ಅಂತ ಕೂಗುವುದು ನಿಂತಿತು.

ಹತ್ತು ಜನ ಅಂದೆನಲ್ಲ. ಹನ್ನೊಂದನೆಯವಳು ಅಕ್ಕೂರಿನವಳು. ಮೂವತ್ತು ದಾಟಿದ, ಮಾತು ಕಡಿಮೆಯ ಹೆಂಗಸು. ಅವಳ ಮನೆಯಲ್ಲಿ ರೇಷ್ಮೆ ಹುಳ ಹಣ್ಣಾಗಿದ್ದವು. ಹಣ್ಣಾದ ಹುಳವನ್ನು ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ಮೂರು ನಾಲ್ಕು ದಿನ ಮನೆಯ ಯಾವ ಹೆಂಗಸೂ ಹೊರಗೆ ಹೋಗುವಂತಿಲ್ಲ. ಸೋಮವಾರ ಸಂಜೆ ಹೇಳಿ ಹೋದವಳು ಬಂದದ್ದು ಶುಕ್ರವಾರ ಬೆಳಿಗ್ಗೆ. ಲೇತ್ ಕೆಲಸಕ್ಕೆ ಅವಳ ಅತ್ತೆ ಒಪ್ಪಿದ್ದೇ ಹುಳದ ಕೆಲಸ ತಪ್ಪಿಸಬಾರದು ಎಂಬ ಕರಾರಿನ ಮೇಲೆ. ಅವಳಿಗೋ ಲೇತೆಂದರೆ ಪ್ರಾಣ. "ಹುಳದ್ ಕೆಲ್ಸ ಎಲ್ಲಾರ್ದೂವೆ ಮೇಡಮ್ಮ, ಇದು ನಂದು," ಅಂತ ಒಮ್ಮೆ ಹೇಳಿದ್ದಳು.

ಶುಕ್ರವಾರ ಬೆಳಿಗ್ಗೆ ವೋಲ್ಟೇಜು ಚೆನ್ನಾಗಿತ್ತು. ಒಂದು ಸಲವೂ ಲೇತು ಮಂಕಾಗಲಿಲ್ಲ. ಬೆಣೆಯ ವಿಷಯ ಅವಳಿಗೆ ತಿಳಿಯುವ ಸಂದರ್ಭವೇ ಬರಲಿಲ್ಲ. ಹೇಳಬೇಕಾದವಳು ನಾನು. ಅಟೆಂಡೆನ್ಸ್‌ನಲ್ಲಿ ಅವಳ ಹೆಸರಿನ ಮುಂದೆ ಪಿ ಅಂತ ಬರೆದೆ, ಹುಳ ಹೇಗಾಯಿತು ಅಂತ ಕೇಳಿದೆ, ಅಷ್ಟೇ.

ಹನ್ನೊಂದರ ಸುಮಾರಿಗೆ ಕರೆಂಟು ಹೋಯಿತು. ಹತ್ತು ಜನ ಸ್ವಿಚ್ ಆಫ್ ಮಾಡಿ ಕವರ್ ಬಿಚ್ಚಿದರು. ಅವಳು ಸ್ವಿಚ್ ಮುಟ್ಟಲಿಲ್ಲ. ಯಾಕೆ ಮುಟ್ಟಬೇಕು? ಅವಳು ಕಲಿತ ರೂಲಿನ ಪ್ರಕಾರ ನಾನು "ಕೈ!" ಅಂತ ಕೂಗದೆ ಯಾವ ಲೇತೂ ತಿರುಗುವುದಿಲ್ಲ. ಕವರ್ ಎತ್ತಿಟ್ಟು, ಎಡಗೈಯಲ್ಲಿ ಬಟ್ಟೆ ಹಿಡಿದು ಬೆಲ್ಟಿನ ಕೆಳಗೆ ಒರೆಸುತ್ತಿದ್ದಳು.

ಐದು ನಿಮಿಷವೂ ಆಗಿರಲಿಲ್ಲ, ಕರೆಂಟು ಬಂತು. ಕೂಗು ಕೇಳಿ ತಲೆಯೆತ್ತಿದೆ. ಬಟ್ಟೆಯ ಜೊತೆಗೆ ಕೈಯೂ ಬೆಲ್ಟು ಪುಲ್ಲಿಗಳ ನಡುವೆ ಸಿಕ್ಕಿಕೊಂಡು, ಮೋಟಾರು ತಿರುಗಲಾರದೆ ಗುಂಯ್‌ಗುಡುತ್ತಿತ್ತು. ಸ್ಟಾರ್ಟರ್ ನನ್ನ ಬಲಗೈಗೇ ಇತ್ತು. ಕೆಂಪು ಗುಂಡಿ ಒತ್ತಿದೆ. ನಿಂತಿತು. ಥ್ಯಾಂಕ್ ಗಾಡ್ ಅಂತ ಗುಂಡಿ ಬಿಟ್ಟು ಅವಳ ಕಡೆ ಓಡಲು ಎರಡು ಹೆಜ್ಜೆ ಇಟ್ಟೆ. ಲೇತು ಮತ್ತೆ ಎದ್ದಿತು.

ಹಸಿರು ಗುಂಡಿಯೊಳಗೆ ಬೆಣೆ ಇತ್ತಲ್ಲ. ಕೆಂಪನ್ನು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ನಿಲ್ಲುತ್ತದೆ. ಬಿಟ್ಟರೆ ಹಸಿರಿನ ಹುಕುಂ. ಮೊದಲ ಸಲ ಅವಳ ಚರ್ಮ ಮಾತ್ರ ಹೋಗಿತ್ತು ಅಂತ ಆಮೇಲೆ ಡಾಕ್ಟರು ಹೇಳಿದರು. ಬೆರಳುಗಳನ್ನು ಪುಲ್ಲಿ ಒಳಗೆಳೆದುಕೊಂಡದ್ದು ಎರಡನೇ ಸಲ, ನನ್ನ ಆ ಎರಡು ಹೆಜ್ಜೆಯಲ್ಲಿ.

ಓಡಿ ಬಂದು ಮತ್ತೆ ಕೆಂಪು ಗುಂಡಿ ಒತ್ತಿದೆ. ಈಗ ಬಿಡುವಂತಿಲ್ಲ. ಎಡಗೈ ಉಗುರಿನಿಂದ ಬೆಣೆ ಕೀಳಲು ನೋಡಿದೆ. ಕೂದಲೆಳೆಯಷ್ಟೂ ಸಂದಿಲ್ಲದ ಹಾಗೆ ಕೂತಿತ್ತು. ಅವಳಿಗೂ ನನಗೂ ಏಳೆಂಟು ಹೆಜ್ಜೆ. ಅವಳ ಮುಖ ಕಾಣುತ್ತಿತ್ತು. ಇಬ್ಬರು ಹೆಂಗಸರು ಅವಳ ತೋಳು ಹಿಡಿದು ಎಳೆಯುತ್ತಿದ್ದರು. "ಎಳೀಬೇಡಿ! ಸ್ವಿಚ್! ಗೋಡೆ ಸ್ವಿಚ್ ಆಫ್ ಮಾಡಿ!" ಅಂತ ಕಿರುಚಿದೆ. ಗೋಡೆಗೂ ಲೇತಿಗೂ ನಡುವಿನ ಸಂದಿಯಲ್ಲಿ ಹಿರಿಯಾಕೆ ಮೈ ತುರುಕಿ ಸ್ವಿಚ್ ಆಫ್ ಮಾಡಿದಳು.

ಆಮೇಲೆ ಅವಳು ಮಾಡಿದ್ದು ನನಗೆ ಹೊಳೆಯುತ್ತಲೇ ಇರಲಿಲ್ಲ. ಲೇತಿನ ಮೋಟಾರು ಕೆಳಗೆ ಕೀಲಿರುವ ಹಲಗೆಯೊಂದರ ಮೇಲೆ ಕೂತಿರುತ್ತದೆ. ತನ್ನ ಭಾರಕ್ಕೇ ಬೆಲ್ಟನ್ನು ಬಿಗಿ ಹಿಡಿದಿರುತ್ತದೆ. ಹಿರಿಯಾಕೆ ನೆಲಕ್ಕೆ ಕೂತು ಹೆಗಲು ಕೊಟ್ಟು ಹಲಗೆಯನ್ನು ಮೋಟಾರಿನ ಸಮೇತ ಮೇಲೆತ್ತಿದಳು. ಬೆಲ್ಟು ಸಡಿಲವಾಯಿತು. ಕೈ ತಾನಾಗಿ ಹೊರಗೆ ಬಂತು.

"ಮೇಡಮ್ಮ, ಬುಡಿ ಅದ. ಆಫ್ ಮಾಡಿವ್ನಿ," ಅಂತ ಅವಳು ಕೂಗುತ್ತಿದ್ದಳಂತೆ. ನನಗೆ ಕೇಳಿಸಲಿಲ್ಲ. ಯಾರೋ ಬಂದು ನನ್ನ ಹೆಬ್ಬೆರಳನ್ನು ಗುಂಡಿಯಿಂದ ಬಿಡಿಸಬೇಕಾಯಿತು.

ರಾಮನಗರದ ಆಸ್ಪತ್ರೆಯಲ್ಲಿ ಕೈ ಉಳಿಯಿತು. ಉಂಗುರದ ಬೆರಳು, ಕಿರುಬೆರಳು ಇರುತ್ತವೆ, ಆದರೆ ಮಡಿಸಲು ಬರುವುದಿಲ್ಲ ಅಂದರು. ಮೂರನೇ ದಿನ ನೋಡಲು ಹೋದೆ. ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟುಕೊಂಡು ಮಲಗಿದ್ದಳು. ಮೊದಲು ಕೇಳಿದ್ದು ಇದನ್ನೇ: "ಕೈ ಅಂತ ನೀವು ಕೂಗ್ಲೇ ಇಲ್ವಲ್ಲ ಮೇಡಮ್ಮ? ನಂಗೇ ಕೇಳುಸ್ಲಿಲ್ವಾ?"

"ಕೂಗಲಿಲ್ಲಮ್ಮ," ಅಂದೆ. ಬೆಣೆಯ ವಿಷಯ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಫ್ಯಾನ್ ನೋಡುತ್ತ, "ನಮ್ಮಾವ ಬೋರ್ ಮೋಟ್ರು ಮುಟ್ಟೋಕ್ ಮುಂಚೆ ಫ್ಯೂಸ್ ಕಿತ್ತು ಜೇಬಿಗಾಕ್ಕತಾರೆ," ಅಂದಳು. "ಇದು ನನ್ ಜೇಬಲ್ಲಿರಗಂಟ ಯಾವ್ ದೇವ್ರು ಬಂದ್ರೂ ಮೋಟ್ರು ಓಡ್ಸಕಾಗಕಿಲ್ಲ ಅಂತಾರೆ. ನಂಗೂ ಅದು ಗ್ಯಾನ ಬರ್ಬೇಕಿತ್ತು."

ನಾನು ಎರಡು ರೂಲ್ ತಂದಿದ್ದೆನಲ್ಲ, ತರುವ ಮುಂಚೆ ಈ ಹನ್ನೊಂದು ಜನರಲ್ಲಿ ಒಬ್ಬರನ್ನಾದರೂ ಕರೆದು, ನಿಮ್ಮ ಮನೆಯಲ್ಲಿ ಹೇಗೆ ಮಾಡುತ್ತೀರಿ ಅಂತ ಕೇಳಿರಲಿಲ್ಲ.

ಎದ್ದು ಹೊರಟಾಗ ಅವಳು ಬಲಗೈಯಲ್ಲಿ ನನ್ನ ಸೆರಗು ಹಿಡಿದಳು. "ಮಿಸಿನ್ನಲ್ಲಿ ಆಯ್ತು ಅಂತ ಬರೀಬೇಡಿ ಮೇಡಮ್ಮ. ಕರೆಂಟ್ ಹೋಗಿದ್ದಾಗ ಪಕ್ಕದ್ ತೋಟ್ದಲ್ಲಿ ಹಿಪ್ನೇರ್ಳೆ ಸೊಪ್ಪು ಕುಯ್ಯೋವಾಗ ಆಯ್ತು ಅಂತ ನಮ್ಮತ್ತೆಗೆ ಯೋಳಿವ್ನಿ. ಅವ್ರು ಓದಕಿಲ್ಲ, ಊರ್ನೋರು ಓದ್ತಾರೆ. ಕಾಗ್ದದಾಗೆ ಬಂದ್ಬುಟ್ರೆ ನನ್ನ ಇನ್ ಯಾವತ್ತೂ ಕಳ್ಸಾಕಿಲ್ಲ. ಮೂರ್ ಬೆರ್ಳು ನೆಟ್ಟಗವೆ. ಉಳಿ ಹಿಡೀತೀನಿ. ನೋಡ್ತಾ ಇರಿ, ಬತ್ತೀನಿ."

ಶೆಡ್ಡಿನಲ್ಲಿ ಸಂಘದ ಅಧ್ಯಕ್ಷೆ ಕಾಯುತ್ತಿದ್ದರು. ಅವರದೂ ಅದೇ ಮಾತು. ಆಕ್ಸಿಡೆಂಟ್ ರಿಜಿಸ್ಟರ್ ಅನ್ನುವ ಒಂದು ಪುಸ್ತಕ ನನ್ನ ಡ್ರಾಯರಿನಲ್ಲಿತ್ತು. ಅದುವರೆಗೆ ಖಾಲಿ. "ಬರವಣಿಗೆ ನಿಮ್ಮ ಕೈಲೈತೆ ಮೇಡಮ್ಮ. ಮಿಸಿನ್ನು ಅಂತ ಬರದ್ರೆ ನಾಳೆ ಆಫೀಸರ್ ಬಂದು ಮೇನ್‌ಗೆ ಬೀಗ ಹಾಕ್ತಾರೆ. ಹತ್ ಜನ ಮನೇಲ್ ಕುಂತ್ಕಬೇಕು. ಗಾಯ ಆದವ್ಳೇ ಬ್ಯಾಡ ಅಂತವ್ಳೆ. ಮತ್ ನಿಮಗ್ಯಾಕೆ?"

ನಿಜ, ನನಗ್ಯಾಕೆ? ಸೊಪ್ಪು ಕೊಯ್ಯುವಾಗ ಅಂತ ಒಂದು ಸಾಲು ಬರೆದರೆ, ಬರೆಯದೇ ಇದ್ದರೆ, ಎಲ್ಲರಿಗೂ ಅನುಕೂಲ. ನನಗೆ ಎಲ್ಲರಿಗಿಂತ ಹೆಚ್ಚು, ಬೆಣೆಗೆ ಒಪ್ಪಿದವಳ ಹೆಸರು ಎಲ್ಲೂ ಬರುವುದಿಲ್ಲ. ಅವಳ ಲೇತು ಅವಳಿಗೆ ಉಳಿಯುತ್ತದೆ. ಬೆಣೆ ಕಿತ್ತುಹಾಕಿದರಾಯಿತು, ಇನ್ನು ಮುಂದೆ ಹುಷಾರಾಗಿದ್ದರಾಯಿತು. ಇಕ್ಕಳ ತಂದು ತಿರುಗಿಸಿ ತಿರುಗಿಸಿ ಬೆಣೆ ಕಿತ್ತೆ. ಡ್ರಾಯರಿನಲ್ಲಿಟ್ಟು ಬೀಗ ಹಾಕಿ ಮನೆಗೆ ಹೋದೆ. ರಿಜಿಸ್ಟರ್ ಮುಟ್ಟಲಿಲ್ಲ.

ಮಾರನೆಯ ದಿನ ಶೆಡ್ಡಿಗೆ ಕಾಲಿಟ್ಟಾಗ ಲೇತುಗಳು ಓಡುತ್ತಿದ್ದವು. ವೋಲ್ಟೇಜು ಬಿತ್ತು, ಮಂಕಾದವು, ತಾವಾಗಿ ಎದ್ದವು. ಸ್ಟಾರ್ಟರ್ ನೋಡಿದೆ. ಹಸಿರು ಗುಂಡಿಯೊಳಗೆ ಹೊಸ ಬೆಣೆ. ಈ ಸಲ ಹಳದಿ, ಅಂಚಿಗೆ ಒಂದು ಹಸಿರು ಗೆರೆ ಬೇರೆ.

ಯಾರು ಅಂತ ಕೇಳಲಿಲ್ಲ. ಎಲ್ಲರೂ ತಲೆ ತಗ್ಗಿಸಿಕೊಂಡು ಮಣಿ ಕಡೆಯುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ವೋಲ್ಟೇಜು ಹೀಗಿರುವ ತನಕ, ಸ್ಟೆಬಿಲೈಸರ್ ಬರುವ ತನಕ, ನಾನು ಕಿತ್ತಷ್ಟೂ ಬೆಣೆ ಬರುತ್ತದೆ. ಯಾರ ಕೈ ಮುರಿದದ್ದೂ ಕಾಗದದ ಮೇಲೆ ಇಲ್ಲದಿದ್ದರೆ ಸ್ಟೆಬಿಲೈಸರ್ ಯಾವತ್ತೂ ಬರುವುದಿಲ್ಲ. ಇಷ್ಟು ಸರಳವಾದ ಮಾತು ನನಗೆ ಹೊಳೆಯಲು ಹಳದಿ ಬೆಣೆ ಬೇಕಾಯಿತು. ಆದರೆ ಬರೆದರೆ ಒಬ್ಬಳ ಲೇತು ಹೋಗುತ್ತದೆ, ಬರೆಯದಿದ್ದರೆ ಇನ್ನೊಬ್ಬಳ ಕೈ. ಆ ಕುರ್ಚಿಯಲ್ಲಿ ಕೂತು ಊಟದ ಹೊತ್ತಿನವರೆಗೂ ಯೋಚಿಸಿದೆ. ಇವೆರಡರ ನಡುವೆ ಮೂರನೆಯದೊಂದು ದಾರಿ ಇದ್ದಿರಬಹುದು. ನನಗೆ ಸಿಗಲಿಲ್ಲ. ಇವತ್ತಿಗೂ ಹುಡುಕುತ್ತಿರುತ್ತೇನೆ.

ಊಟವಾದ ಮೇಲೆ ಹೊರಗೆ ಹೋಗಿ ಮೇನ್ ಸ್ವಿಚ್ ಇಳಿಸಿದೆ. ಒಳಗೆ ಬಂದು ರಿಜಿಸ್ಟರ್ ತೆಗೆದೆ. ಹಿರಿಯಾಕೆ ಕೈ ಒರೆಸಿಕೊಳ್ಳುತ್ತ ಮುಂದೆ ಬಂದು ನಿಂತಳು.

"ಬೆಣೆ ಕಡ್ದೋಳು ನಾನು ಅಂತ ಬರೀತೀರಾ?"

"ಇಡೋಕೆ ಒಪ್ಪಿದವಳು ನಾನು ಅಂತ ಮೊದಲು ಬರೀತೀನಿ. ಅಕ್ಕೂರಿನವಳಿಗೆ ಹೇಳದೇ ಇದ್ದದ್ದೂ ನಾನೇ ಅಂತ."

ಅವಳು ರಿಜಿಸ್ಟರಿನ ಪುಟದ ಮೇಲೆ ಬೆರಳಿಟ್ಟಳು. "ನನ್ ಹೆಸ್ರೂ ಬರ್ಕಳಿ. ಸರ್ಯಾಗ್ ಬರೀರಿ ಮತ್ತೆ. ರೇಷನ್ ಕಾರ್ಡ್ನೋರ್ ತರ ತಪ್ ಮಾಡ್ಬ್ಯಾಡಿ." ಹಿಂದಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಅವರೇ ಅಳತೊಡಗಿದರು.

ಗಂಟೆ, ವಾರ, ಬೆಣೆ, ಕೆಂಪು ಗುಂಡಿ, ನನ್ನ ಎರಡು ಹೆಜ್ಜೆ, ಎಲ್ಲವನ್ನೂ ಬರೆದೆ. ಎರಡು ಬೆಣೆಗಳನ್ನೂ ಕವರಿನಲ್ಲಿಟ್ಟು ಲೆಟರ್ ಜೊತೆ ಕಳಿಸಿದೆ.

ಅಧ್ಯಕ್ಷೆ ಹೇಳಿದ ಹಾಗೇ ಆಯಿತು. ಮೇನ್‌ಗೆ ಬೀಗ ಬಿತ್ತು. ಆರ್ಡರ್ ಬೇರೆ ಕಡೆ ಹೋಯಿತು. ಮೂವರು ರಾಮನಗರದ ರೇಷ್ಮೆ ನೂಲು ತೆಗೆಯುವ ಕಡೆ ಕೆಲಸಕ್ಕೆ ಸೇರಿಕೊಂಡರು. ಬಸ್ ಸ್ಟಾಪಿನಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಎರಡು ತಿಂಗಳ ಮೇಲೆ ಸ್ಟೆಬಿಲೈಸರ್ ಬಂತು, ಲೇತಿಗೊಂದು ಸ್ಟಾರ್ಟರ್ ಬಂತು, ಕರೆಂಟು ಬಂದರೆ ಹತ್ತುವ ಒಂದು ಹಸಿರು ಬಲ್ಬನ್ನು ಹೊರಗೆ ಹೊಂಗೆ ಮರಕ್ಕೆ ಎದುರಾಗಿ ಹಾಕಿಸಿದೆ. ಶೆಡ್ಡು ತೆರೆದಾಗ ನಾನು ಒಂದೇ ರೂಲ್ ಹೇಳಿದೆ. ಲೇತಿನ ಕವರ್ ಬಿಚ್ಚುವ ಮುಂಚೆ ಆ ಲೇತಿನ ಬಿಳಿ ಪಿಂಗಾಣಿ ಫ್ಯೂಸನ್ನು ಕಿತ್ತು, ಒರೆಸುವವಳು ತನ್ನ ಸೊಂಟಕ್ಕೇ ಸಿಕ್ಕಿಸಿಕೊಳ್ಳಬೇಕು. ಇದು ಯಾರು ಹೇಳಿಕೊಟ್ಟದ್ದು ಅಂತಲೂ ಹೇಳಿದೆ. ಅದನ್ನು ಯಾರೂ ತಪ್ಪಿಸಲಿಲ್ಲ.

ಹೇಳಿಕೊಟ್ಟವಳು ಬರಲಿಲ್ಲ. ನಾನು ಅಕ್ಕೂರಿಗೆ ಹೋದೆ. ಅವಳ ಅತ್ತೆ ಬಾಗಿಲಲ್ಲೇ ನಿಂತು, "ಕಾಗ್ದದಾಗೇ ಬರ್ದವ್ರಲ್ಲ ತಾಯಿ, ಮಿಸಿನ್ನು ಕೈ ತಿಂತು ಅಂತ. ಬರ್ದೋರು ನೀವೇ. ಇನ್ ಎಂಗ್ ಕಳ್ಸದು?" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ನ್ಯಾಯವಿತ್ತು. ಅವಳು ಒಳಗಿಂದ ಕಾಫಿ ತಂದು ನನ್ನ ಮುಂದಿಟ್ಟು ಹೋದಳು. ಲೋಟ ಹಿಡಿದದ್ದು ಬಲಗೈ. ಎಡಗೈ ಸೆರಗಿನೊಳಗಿತ್ತು. ಮೂರು ಬೆರಳಿನಿಂದ ಉಳಿ ಹಿಡಿಯಲು ಆಗುತ್ತಿತ್ತೋ ಇಲ್ಲವೋ ಅವಳಿಗೂ ಗೊತ್ತಾಗಲಿಲ್ಲ, ನನಗೂ.

ಮುಂದಿನ ವರ್ಷ ನಾನು ಆ ಕೆಲಸ ಬಿಟ್ಟೆ.

ಅಕ್ಕೂರಿನವಳನ್ನು ಕೊನೆಯದಾಗಿ ನೋಡಿದ್ದು ಹೋದ ವರ್ಷ, ಕನಕಪುರದಿಂದ ಚನ್ನಪಟ್ಟಣಕ್ಕೆ ಬರುವ ಬಸ್ಸಿನಲ್ಲಿ. ನಿಲ್ಲಲೂ ಜಾಗವಿರಲಿಲ್ಲ. ಎಲ್ಲರೂ ಫ್ರೀ ಟಿಕೆಟ್ಟಿಗೆ ಆಧಾರ್ ಕಾರ್ಡ್ ಎತ್ತಿ ಹಿಡಿದ ಹೆಂಗಸರು, ನಡುವೆ ನಾನು. "ಮೇಡಮ್ಮ, ಇಲ್ ಬನ್ನಿ," ಅಂತ ಒಂದು ದನಿ. ಕಿಟಕಿ ಪಕ್ಕ ಕೂತಿದ್ದವಳು ಎದ್ದುಬಿಟ್ಟಿದ್ದಳು. ಬೇಡಮ್ಮ ಅಂದರೂ ಕೇಳಲಿಲ್ಲ. "ಕುಂತ್ಕಳಿ, ಈ ವಯಸ್ನಾಗೆ ನಿಂತ್ಕಂಡ್ರೆ ಬೀಳ್ತೀರ." ಕೂತೆ. ಪಕ್ಕದ ಸೀಟಿನವರ ಮೂಟೆ ನನ್ನ ಮಂಡಿಗೆ ಒತ್ತಿ, ಏಳಲೂ ಆಗದ ಹಾಗಾಯಿತು. ಅವಳು ಬಲಗೈಯಲ್ಲಿ ಚೀಲ ಹಿಡಿದು, ಎಡಗೈಯಿಂದ ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡಳು. ಮೂರು ಬೆರಳು ಕಂಬಿಯನ್ನು ಸುತ್ತಿದ್ದವು. ಎರಡು ನೆಟ್ಟಗೆ ನಿಂತಿದ್ದವು. ನನ್ನ ಕಣ್ಣಿನ ಮಟ್ಟಕ್ಕೇ.

ಅಕ್ಕೂರು ಬರುವವರೆಗೆ ಮಗಳ ಸ್ಕೂಲು, ಗೂಡಿನ ರೇಟು, ಅತ್ತೆಯ ಮಂಡಿನೋವು ಅಂತ ಮಾತಾಡುತ್ತಲೇ ಇದ್ದಳು. ನಾನು ಹೂಂ ಅನ್ನುತ್ತಿದ್ದೆ. ಹೇಳಬೇಕೆಂದು ವರ್ಷಗಟ್ಟಲೆ ಜೋಡಿಸಿಟ್ಟುಕೊಂಡಿದ್ದ ಮಾತು ಅಷ್ಟು ಜನರ ನಡುವೆ ಬಾಯಿಗೆ ಬರಲಿಲ್ಲ. ಬಂದಿದ್ದರೂ ಯಾವ ಭಾಷೆಯಲ್ಲಿ ಹೇಳುವುದು?

ಅವಳ ಊರು ಬಂತು. ಚೀಲ ಹೆಗಲಿಗೇರಿಸಿ, ಜನರನ್ನು ತಳ್ಳಿಕೊಂಡು ಬಾಗಿಲಿಗೆ ಹೋದಳು. ಇಳಿದ ಮೇಲೆ ಕೆಳಗಿನಿಂದ ಕಂಡಕ್ಟರನ್ನು ಕೂಗಿದಳು:

"ಕಂಡಕ್ಟ್ರೇ, ಆ ಕಿಟ್ಕಿ ತಾವ ಕುಂತವ್ರಲ್ಲ, ನಮ್ ಮೇಡಮ್ಮ. ಬಸ್ಸು ಪೂರ್ತಿ ನಿಂತ ಮ್ಯಾಕೇ ಇಳ್ಸ್ಬೇಕು, ಆಯ್ತಾ?"